ಹಳದಿ ಮರಿಗೆ ಒಂದು ಮನೆ

ಹೊಳೆದಂಡೆಯಲ್ಲಿ, ಬಂಡೆಗಳ ನಡುವೆ, ಒಂದು ಚಿಕ್ಕ ಆಶ್ರಮ. ಅಲ್ಲಿದ್ದ ಮುದುಕ ಗುರುಗಳಿಗೆ ದೊಡ್ಡದೊಂದು ಹೆಸರಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಸುತ್ತಲ ಜನಕ್ಕೆ ಅವರು ಹೊಳೆಸ್ವಾಮಿ.

ಯಾರ ಮನೆಯಲ್ಲಿ ಹಾವು ಹೊಕ್ಕರೂ ಜನ ಹಿಡಿಸಿ ತಂದು ಅವರಿಗೆ ಒಪ್ಪಿಸುತ್ತಿದ್ದರು. ಅವರು ಎರಡು ದಿನ ಇಟ್ಟುಕೊಂಡು, ಗಾಯಗೀಯ ಆಗಿದೆಯಾ ನೋಡಿ, ಹೊಳೆಯಾಚೆಯ ಕಾಡಿಗೆ ಬಿಟ್ಟುಬರುತ್ತಿದ್ದರು. ಉಪದೇಶ ಕೇಳಲು ಬಂದವರಿಗಿಂತ ಹಾವು ತಂದವರೇ ಜಾಸ್ತಿ. ಸ್ವಾಮಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಅವರ ಶಿಷ್ಯೆ ಹೊಂಬಾಳಮ್ಮ. ವಯಸ್ಸು ನಲವತ್ತೆಂಟು. ಆಶ್ರಮಕ್ಕೆ ಬರುವ ಮೊದಲು ಇಪ್ಪತ್ತೆರಡು ವರ್ಷ ರೇಷ್ಮೆ ಹುಳ ಸಾಕಿದವಳು. ಮೊಟ್ಟೆಯೊಡೆದ ಮರಿಗಳನ್ನು ಸಾಕುವ ಚಾಕಿಮನೆಯಲ್ಲಿ ಇವಳ ಕೈ ಆಡಿದರೆ ಬೆಳೆ ಕೈಕೊಡುವುದಿಲ್ಲ ಅಂತ ಊರಲ್ಲಿ ಮಾತಿತ್ತು. ಅದು ಅವಳಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಒಂದು ದಿನ ಅರಣ್ಯ ಇಲಾಖೆಯ ಪಶುವೈದ್ಯ ಡಾಕ್ಟರ್ ಇಂದುಧರ ಬಂದರು. ಕೈಯಲ್ಲಿ ಒಂದು ಬಟ್ಟೆಚೀಲ. ಅದರೊಳಗೆ ಕಿರುಬೆರಳು ದಪ್ಪದ ಹಾವಿನ ಮರಿ, ಮೈಯೆಲ್ಲ ಹಳದಿ.

“ಮರ ಹೆಬ್ಬಾವಿನ ಮರಿ, ಸ್ವಾಮಿ. ಬಸ್ಸಿನಲ್ಲಿ ಒಬ್ಬ ಕಾಲುಚೀಲದಲ್ಲಿ ಕಟ್ಟಿ ಸಾಗಿಸ್ತಿದ್ದ. ಇದು ನಮ್ಮ ದೇಶದ್ದಲ್ಲ. ಸಮುದ್ರದಾಚೆಯ ಮಳೆಕಾಡಿನದು. ಹೊಳೆಯಾಚೆ ಬಿಡೋ ಹಾಗಿಲ್ಲ.”

“ಮತ್ತೆ?”

“ಕೇಸು ಮುಗಿಯೋವರೆಗೂ ನೀವು ಇಟ್ಕೋಬೇಕು. ವರ್ಷ ಆಗಬಹುದು, ಎರಡಾದರೂ ಆಗಬಹುದು.”

ಹೊಂಬಾಳಮ್ಮ ಬಗ್ಗಿ ನೋಡಿದಳು. “ಪಾಪ, ಕಾಮಾಲೆ ಹಿಡಿದಿದೆಯಲ್ಲ.”

ಡಾಕ್ಟರ್ ನಕ್ಕರು. “ಕಾಮಾಲೆ ಅಲ್ಲಮ್ಮ. ಮರಿಯಾಗಿದ್ದಾಗ ಇದರ ಬಣ್ಣವೇ ಹಳದಿ. ಬೆಳೀತಾ ಬೆಳೀತಾ ಎಲೆಹಸಿರು ಆಗುತ್ತೆ.”

“ಆಗೋದನ್ನ ಕಣ್ಣಾರೆ ನೋಡಬಹುದಾ?”

“ಬದುಕಿದರೆ.”

ಡಾಕ್ಟರ್ ಜೀಪಿನಿಂದ ಒಂದು ಗಾಜಿನ ಪೆಟ್ಟಿಗೆ ಇಳಿಸಿದರು. ಜೊತೆಗೆ ಶಾಖ ಕೊಡುವ ಹಲಗೆ, ಶಾಖ ಮಿತಿಮೀರದಂತೆ ನೋಡಿಕೊಳ್ಳುವ ಸ್ವಿಚ್ಚು, ಶಾಖ ಮತ್ತು ತೇವ ಅಳೆಯುವ ಮೀಟರು, ಸಣ್ಣ ಇಲಿಮರಿಗಳನ್ನು ಹೆಪ್ಪುಗಟ್ಟಿಸಿ ತುಂಬಿದ ಐಸ್ ಡಬ್ಬ.

“ಮೂವತ್ತೊಂದು ಡಿಗ್ರಿ ಬಿಸಿ ಬೇಕು, ಅದೂ ಒಂದು ತುದಿಗೆ. ಗಾಳಿಯಲ್ಲಿ ತೇವ ಇರಬೇಕು. ಇಲಿಮರೀನ ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಕೊಡಿ,” ಅಂತ ಹೇಳಿ ಹೊರಟೇಬಿಟ್ಟರು. ಎಲ್ಲೋ ಒಂದು ಆನೆಗೆ ಕಾಲು ಬಾತಿತ್ತಂತೆ.

ಜೀಪು ಹೋದ ಮೇಲೆ ಹೊಂಬಾಳಮ್ಮ ಹೇಳಿದಳು, “ಬುದ್ಧೀ, ಇದನ್ನ ನಾನು ನೋಡ್ಕೋತೀನಿ.”

“ಭಯ ಇಲ್ವಾ?”

“ಹುಳಕ್ಕಿಂತ ಸ್ವಲ್ಪ ಉದ್ದ, ಅಷ್ಟೇ ತಾನೇ.”

ಸ್ವಾಮಿ ನಕ್ಕರು. ಅವಳು ನಗಲಿಲ್ಲ.

“ಇಪ್ಪತ್ತೆರಡು ವರ್ಷ ಸಾಕಿದೆ, ಬುದ್ಧಿ. ಲಕ್ಷಗಟ್ಟಲೆ ಸಾಕಿದೆ. ಗೂಡು ಕಟ್ಟಿದ ಮೇಲೆ ಎಲ್ಲಾನೂ ಕುದಿಯೋ ನೀರಿಗೇ ಕಳಿಸಿದ್ದು. ಒಂದಾದ್ರೂ ಚಿಟ್ಟೆಯಾಗಿ ಹೊರಗೆ ಬಂದಿದ್ದು ನೋಡಲಿಲ್ಲ. ಇದೊಂದು ಹಸಿರಾಗೋದನ್ನ ನೋಡಬೇಕು.”

“ಸಾಕು ಹಾಗಾದ್ರೆ,” ಅಂದರು ಸ್ವಾಮಿ.

ಹೊಂಬಾಳಮ್ಮ ಸೀರೆಯ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು.

ಶಾಖದ ಹಲಗೆಯನ್ನು ಒಂದು ತುದಿಗಲ್ಲ, ಮುಚ್ಚಳದ ಸರೀ ಮಧ್ಯಕ್ಕೆ ಕಟ್ಟಿದಳು. ಎರಡೂ ತುದಿ ತಣ್ಣಗಿದ್ದಾವು ಅಂತ ಹೊರಗಡೆ ಒಂದೊಂದು ಬಲ್ಬು ನಿಲ್ಲಿಸಿದಳು. ಗಾಳಿಯಾಡುವ ಕಿಂಡಿಗಳಿಗೆಲ್ಲ ಮೇಣದ ಕಾಗದ ಅಂಟಿಸಿದಳು. ಒದ್ದೆ ಗೋಣಿ ಹೊದೆಸಿದಳು. ಒಳಗೆ ನೀರಲ್ಲಿ ನೆನೆಸಿ ಹಿಂಡಿದ ಸ್ಪಂಜು ಇಟ್ಟಳು. ಹಾವು ಕೂರಲಿ ಅಂತ ಅಡ್ಡಡ್ಡ ಒಂದು ಕಡ್ಡಿಯನ್ನೂ ಹಾಕಿದಳು.

ಒಂದು ತುದಿಗೆ ಅಂತ ಡಾಕ್ಟರ್ ಹೇಳಿದ್ದು ಅವಳು ಮರೆತಿರಲಿಲ್ಲ. ಆದರೆ ಚಾಕಿಮನೆಯ ಹೆಂಗಸು ಆ ಮಾತನ್ನು ಹೇಗೆ ಒಪ್ಪುತ್ತಾಳೆ ಹೇಳಿ. ಅಲ್ಲಿ ಒಂದು ಮೂಲೆ ಬಿಸಿ, ಒಂದು ಮೂಲೆ ತಣ್ಣಗೆ ಆಯಿತೋ, ಅರ್ಧ ಹುಳ ಇವತ್ತು ಪೊರೆ ಬಿಡುತ್ತವೆ, ಇನ್ನರ್ಧ ನಾಡಿದ್ದು. ಬೆಳೆಯೇ ಹಾಳು. ಡಾಕ್ಟ್ರು ಓದಿದವರು, ಸಾಕಿದವರಲ್ಲ ಅಂದುಕೊಂಡಳು.

ಸಂಜೆ ಸ್ವಾಮಿ ಬಂದು ನೋಡಿದರು. ಅವಳು ಮೀಟರನ್ನು ಪೆಟ್ಟಿಗೆಯ ಆ ತುದಿಗೆ ಹಿಡಿದು ತೋರಿಸಿದಳು. ಮೂವತ್ತೊಂದು. ಈ ತುದಿಗೆ ಹಿಡಿದಳು. ಮೂವತ್ತೊಂದು. ಮೇಲೆ, ಕೆಳಗೆ, ಎಲ್ಲಾ ಕಡೆ ಮೂವತ್ತೊಂದು.

“ಎಲ್ಲಿ ಹಿಡಿದರೂ ಒಂದೇ,” ಅಂದರು ಸ್ವಾಮಿ.

“ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ, ಬುದ್ಧಿ.”

“ನಿನ್ನ ಕೈಕೆಲಸ ಅಚ್ಚುಕಟ್ಟು ಕಣಮ್ಮ,” ಅಂತ ಹೇಳಿ ಅವರು ಹೋದರು. ಅವರಿಗೂ ಈ ಹಾವಿನ ವಿಷಯ ತಿಳಿದಿರಲಿಲ್ಲ. ತಿಳಿಯದ್ದನ್ನು ತಿಳಿದಂತೆ ಆಡುವ ಅಭ್ಯಾಸ ಅವರಿಗಿರಲಿಲ್ಲ.

ಹಾವು ತಿನ್ನಲಿಲ್ಲ.

ಮೂರು ದಿನಕ್ಕೊಮ್ಮೆ ಅವಳು ಇಲಿಮರಿಯನ್ನು ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು, ಬಾಯಿಯ ಮುಂದೆ ಇಟ್ಟಳು. ಅದು ತಲೆ ತಿರುಗಿಸಿತು. ಕಡ್ಡಿಯ ಮೇಲೂ ಕೂರಲಿಲ್ಲ. ನೆಲದಲ್ಲಿ ಸುತ್ತು ಹೊಡೆಯುತ್ತ, ಗಾಜಿಗೆ ಮೂಗು ತಿಕ್ಕುತ್ತ ಇತ್ತು.

ಹದಿನೆಂಟು ದಿನ ಹೀಗೇ ಆಯಿತು. ಅವಳು ಡಾಕ್ಟರಿಗೆ ಫೋನು ಮಾಡಿದಳು.

“ಶಾಖ ಎಷ್ಟಿದೆಯಮ್ಮ?”

“ಮೂವತ್ತೊಂದು, ಸಾರ್.”

“ತೇವ?”

“ಎಂಬತ್ತೈದು.”

“ಸರಿಯಾಗೇ ಇದೆಯಲ್ಲ. ಮತ್ಯಾಕೆ ತಿಂತಿಲ್ಲ?” ಡಾಕ್ಟರಿಗೂ ತೋಚಲಿಲ್ಲ. “ಭಾನುವಾರ ಹತ್ತು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ತಿನ್ನದಿದ್ದರೆ ಗಂಟಲಿಗೆ ನಳಿಕೆ ಇಳಿಸಿ ತಿನ್ನಿಸಬೇಕಾಗುತ್ತೆ. ಇಷ್ಟು ಚಿಕ್ಕದು ಅದನ್ನ ತಡ್ಕೊಳ್ಳೋದು ಕಷ್ಟ. ನಿಮಗೆ ಸುಳ್ಳು ಹೇಳಲ್ಲ.”

ಅವತ್ತು ಬುಧವಾರ. ಹೊಂಬಾಳಮ್ಮ ಫೋನು ಇಟ್ಟಳು. ಸ್ವಾಮಿಯ ಹತ್ತಿರ ಹೋಗಿ ಕೂತಳು.

“ಬುದ್ಧೀ, ನನ್ನ ಕೈಯಲ್ಲಿ ಅದು ಸಾಯುತ್ತೆ.”

“ಎಲ್ಲಿ ಕೂರುತ್ತೆ ಅದು?”

“ಎಲ್ಲೂ ಕೂರಲ್ಲ. ಆಚೆ ಹೋಗಬೇಕು ಅಂತ ಗಾಜಿಗೆ ಮೂಗು ತಿಕ್ತಾನೇ ಇರುತ್ತೆ. ಇಷ್ಟು ಹದವಾದ ಜಾಗ ಮಾಡಿಕೊಟ್ಟಿದ್ದೀನಿ. ಯಾಕೆ ಹೀಗೆ?”

ಸ್ವಾಮಿ ತಿರುಗಿ ಒಂದು ಪ್ರಶ್ನೆ ಕೇಳಿದರು.

“ಈ ಆಶ್ರಮದಲ್ಲಿ ನಿನಗೆ ಎಲ್ಲಕ್ಕಿಂತ ಹಿತವಾದ ಜಾಗ ಯಾವುದು?”

“ಹೊಳೆ ಪಕ್ಕದ ಚಪ್ಪಟೆ ಬಂಡೆ, ಬುದ್ಧಿ. ಬೆಳಗಿನ ಎಳೆಬಿಸಿಲಲ್ಲಿ ಅಲ್ಲಿ ಕೂತರೆ ಏಳೋಕೆ ಮನಸ್ಸಾಗಲ್ಲ.”

“ಹಾಗಾದ್ರೆ ನಾಳೆ ಬೆಳಿಗ್ಗೆ ಅಲ್ಲೇ ಕೂತ್ಕೋ. ನಾನು ಕರೆಯೋವರೆಗೂ ಏಳಬೇಡ.”

ಗುರುವಾರ ಬೆಳಿಗ್ಗೆ ಅವಳು ಬಂಡೆಯ ಮೇಲೆ ಕೂತಳು. ಏಳು ಗಂಟೆಗೆ ಸ್ವರ್ಗ. ಒಂಬತ್ತಕ್ಕೆ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಹತ್ತೂವರೆಗೆ ಬಂಡೆ ಸುಡತೊಡಗಿ, ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ವಾಲಿ ಕೂತಳು.

ಹತ್ತು ಹೆಜ್ಜೆ ದೂರದಲ್ಲಿ ಹೊಂಗೆಮರ. ಅದರ ನೆರಳಲ್ಲಿ ಸ್ವಾಮಿ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು. ಅವಳ ಕಡೆ ನೋಡಿದಂತೆ ಕಾಣಲಿಲ್ಲ.

ಹೊಂಬಾಳಮ್ಮನಿಗೆ ಸಿಟ್ಟು ಬಂತು. ಗುರುಗಳ ಮೇಲೆ ಸಿಟ್ಟು ಬರಬಾರದು ಅಂತ ಗೊತ್ತಿತ್ತು. ಆದರೂ ಬಂತು.

ಹನ್ನೊಂದೂವರೆಗೆ ಸ್ವಾಮಿ ಕರೆದರು. ಅವಳು ಓಡಿಬಂದು ನೆರಳಿಗೆ ಬಿದ್ದಳು. ಅವರು ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟರು.

“ಕೆಟ್ಟ ಜಾಗ ಕೊಟ್ಟುಬಿಟ್ಟೆನಾ?”

“ಜಾಗ ನಾನೇ ಹೇಳಿದ್ದು, ಬುದ್ಧಿ.”

“ಒಳ್ಳೇ ಜಾಗವೇ ತಾನೇ?”

“ಒಳ್ಳೇದೇ.”

“ಮತ್ತೆ ಯಾಕೆ ಹೊಂಗೆಮರದ ಕಡೆ ಅಷ್ಟೊಂದು ಸಲ ನೋಡ್ತಿದ್ದೆ?”

ಲೋಟ ಅವಳ ಬಾಯಿ ಹತ್ತಿರ ನಿಂತುಬಿಟ್ಟಿತು. ಅರ್ಧ ಮಜ್ಜಿಗೆ ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಹಾವಿನ ಕೋಣೆಗೆ ಓಡಿದಳು.

ಮೊದಲು ಎರಡೂ ಬಲ್ಬು ಕಿತ್ತಳು. ಹಲಗೆಯನ್ನು ಬಿಚ್ಚಿ ಒಂದು ತುದಿಗೆ ಕಟ್ಟಿದಳು. ಕಿಂಡಿಗಳ ಮೇಣದ ಕಾಗದ ಹರಿದಳು. ಒಳಗೆ ಕಟ್ಟಿಕೊಂಡಿದ್ದ ಹಬೆಯ ವಾಸನೆ ಮೂಗಿಗೆ ಬಡಿದಾಗ ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ಈ ಜೀವ ಇದನ್ನೇ ಉಸಿರಾಡಿತ್ತು.

ಹೊಂಗೆಯ ಕಡ್ಡಿ ತಂದು, ತೊಳೆದು, ಮೂರು ಎತ್ತರದಲ್ಲಿ ಅಡ್ಡ ಕಟ್ಟಿದಳು. ಒಂದು ಹಲಗೆಯ ಕೆಳಗೆ, ಬಿಸಿಗೆ. ಒಂದು ನಡುವೆ. ಒಂದು ತಣ್ಣನೆ ತುದಿಯಲ್ಲಿ. ಅಡಗಿಕೊಳ್ಳಬೇಕು ಅನ್ನಿಸಿದರೆ ಇರಲಿ ಅಂತ ಎಲೆಯ ಗೊಂಚಲು ತೂಗುಬಿಟ್ಟಳು. ಒಂದು ಬಟ್ಟಲು ನೀರು ಇಟ್ಟಳು. ಗೋಣಿ ತೆಗೆದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೀರು ಚಿಮುಕಿಸಿ, ನಡುವೆ ಆರಲು ಬಿಡುವುದು ಅಂತ ತೀರ್ಮಾನಿಸಿದಳು.

ಈಗ ಮೀಟರು ಒಂದು ತುದಿಯಲ್ಲಿ ಮೂವತ್ತೊಂದು ತೋರಿಸಿತು, ಇನ್ನೊಂದು ತುದಿಯಲ್ಲಿ ಇಪ್ಪತ್ತಾರು. ಚಾಕಿಮನೆಯಲ್ಲಿ ಇಂಥ ಕೆಲಸ ಮಾಡಿದ್ದರೆ ಅವಳ ಅತ್ತೆ ಮನೆಯಿಂದಾಚೆಗೆ ಹಾಕುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಹಾವು ಕಡ್ಡಿ ಏರಿ ಕೂತಿತ್ತು. ಮೈಯನ್ನು ಎರಡೂ ಕಡೆ ಮಡಿಸಿ ಮಡಿಸಿ ಇಳಿಬಿಟ್ಟು, ನಡುವೆ ತಲೆಯಿಟ್ಟು, ಸಿಂಬಿಯ ಹಾಗೆ.

“ಬುದ್ಧೀ, ಏರಿದೆ.”

“ಮೂರರಲ್ಲಿ ಯಾವುದಕ್ಕೆ?”

“ನಡುವಿನದಕ್ಕೆ. ನಾನು ಬಿಸಿ ಕಡೆಯದಕ್ಕೆ ಹೋಗುತ್ತೆ ಅಂದುಕೊಂಡಿದ್ದೆ.”

“ನಿನ್ನ ಕೇಳಿ ಕೂರಬೇಕಿತ್ತಾ?”

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಆದರೆ ಅವತ್ತು ಸಂಜೆಯೂ ಅದು ತಿನ್ನಲಿಲ್ಲ. ಇಕ್ಕಳ ಹತ್ತಿರ ತಂದಾಗ ನಾಲಿಗೆ ಚಾಚಿತು. ಹೊಂಬಾಳಮ್ಮ ಇನ್ನೊಂದು ಕೈಯಲ್ಲಿದ್ದ ಟಾರ್ಚು ಇನ್ನಷ್ಟು ಹತ್ತಿರ ತಂದಳು. ಅದು ತಲೆಯನ್ನು ಸುರುಳಿಯೊಳಗೆ ಎಳೆದುಕೊಂಡಿತು. ಐದು ನಿಮಿಷ ಬಿಟ್ಟು ಮತ್ತೆ ಟಾರ್ಚು ಬಿಟ್ಟಳು. ಹತ್ತು ನಿಮಿಷ ಬಿಟ್ಟು ಮತ್ತೆ. ಮುಚ್ಚಳ ಎತ್ತುವುದು, ಇಣುಕುವುದು, ಮುಚ್ಚುವುದು, ಇನ್ನೂ ತಿಂದಿಲ್ಲವಲ್ಲ ಅಂತ ಮತ್ತೆ ಎತ್ತುವುದು.

ಶನಿವಾರ ಬೆಳಿಗ್ಗೆಯಿಂದ ಗಂಟೆಗೆ ನಾಲ್ಕು ಸಲ ನೋಡಿದಳು. ಉಳಿದಿದ್ದು ಒಂದೇ ಒಂದು ಸಂಜೆ.

ಮಧ್ಯಾಹ್ನ ಊಟಕ್ಕೆ ಕೂತಳು. ಮುದ್ದೆ, ಹುರುಳಿ ಸಾರು. ಮೊದಲ ತುತ್ತು ಮುರಿಯುವಾಗ ಸ್ವಾಮಿ ಬಂದು ಅವಳೆದುರಿಗೇ, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕೂತರು. ಸುಮ್ಮನೆ ಅವಳ ಮುಖವನ್ನೇ ನೋಡಿದರು.

“ಏನು ಬುದ್ಧೀ?”

“ಏನಿಲ್ಲ. ಊಟ ಮಾಡು.”

ಅವಳು ತುತ್ತು ಬಾಯಿಗಿಟ್ಟಳು. ಅವರು ಬಗ್ಗಿ ಬಾಯಿಯನ್ನೇ ನೋಡಿದರು.

“ನುಂಗಿದೆಯಾ?”

“ಹೂಂ, ಬುದ್ಧಿ.”

ಎರಡನೇ ತುತ್ತಿಗೆ ಅವರು ತಟ್ಟೆಯ ಅಂಚು ಎತ್ತಿ, ಕೆಳಗೆ ಇಣುಕಿ, ಮತ್ತೆ ಇಟ್ಟರು. ಮೂರನೆಯದಕ್ಕೆ ಮಡಿಲಿನಿಂದ ಅವಳದೇ ಟಾರ್ಚು ತೆಗೆದು, ನಡುಮಧ್ಯಾಹ್ನದ ಬೆಳಕಿನಲ್ಲಿ, ಅವಳ ಮುಖಕ್ಕೆ ಬಿಟ್ಟರು. ಅವತ್ತು ಆಶ್ರಮಕ್ಕೆ ಬಂದು ಊಟಕ್ಕೆ ಕೂತಿದ್ದವರೆಲ್ಲ ತಿನ್ನುವುದು ಬಿಟ್ಟು ಇವಳನ್ನೇ ನೋಡತೊಡಗಿದರು.

ಹೊಂಬಾಳಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

“ಹೀಗೆ ನೋಡ್ತಿದ್ರೆ ಗಂಟಲಲ್ಲಿ ಇಳಿಯುತ್ತಾ, ಬುದ್ಧಿ?”

“ನಿನ್ನ ಮೇಲಿನ ಅಕ್ಕರೆಗೆ ನೋಡಿದೆ ಕಣಮ್ಮ.”

ಅವಳ ಕಣ್ಣು ತುಂಬಿತು. ಎಲ್ಲರೆದುರಿಗೆ ಅಳು ಬಂದಿದ್ದಕ್ಕೆ ಇನ್ನಷ್ಟು ಅಳು ಬಂತು.

“ನಾನು ನೋಡದೇ ಇದ್ದಾಗ ಅದು ಸತ್ತುಹೋದ್ರೆ?”

“ನೀನು ನೋಡ್ತಾ ಇದ್ದಾಗ ಸತ್ತರೆ?”

ಅವಳು ಎಡಗೈಯಲ್ಲಿ ಸೆರಗೆಳೆದು ಕಣ್ಣೊರೆಸಿಕೊಂಡಳು.

ಸ್ವಾಮಿ ಟಾರ್ಚು ಆರಿಸಿದರು. ದನಿ ಮೆತ್ತಗಾಯಿತು. “ಹುಳ ಗೂಡು ಕಟ್ಟೋ ಹೊತ್ತಲ್ಲಿ ಏನು ಮಾಡ್ತಿದ್ದೆ?”

“ಬಿದಿರಿನ ಚಂದ್ರಿಕೆ ತಟ್ಟೆ ಮೇಲೆ ಬಿಟ್ಟು, ಗಾಳಿ ಆಡೋ ಕಡೆ ನಿಲ್ಲಿಸಿ, ದೂರ ಇರ್ತಿದ್ದೆ.”

“ಮುಟ್ತಿರಲಿಲ್ವಾ?”

“ಅಯ್ಯೋ, ಅಲ್ಲಾಡಿಸಿದ್ರೆ ಗೂಡು ಕೆಡುತ್ತೆ, ಬುದ್ಧಿ. ಕೆಮ್ಮೋಕೂ ಆಚೆ ಹೋಗ್ತಿದ್ವಿ.”

“ಇಷ್ಟೆಲ್ಲ ತಿಳಿದವಳಿಗೆ ನಾನು ಏನು ಹೇಳಲಿ,” ಅಂತ ಸ್ವಾಮಿ ಎದ್ದು ಕೈತೊಳೆಯುವ ಕಡೆ ಹೋದರು. ಅವರು ಊಟವನ್ನೇ ಮಾಡಿರಲಿಲ್ಲ, ಅದು ಆಮೇಲೆ ನೆನಪಾಗಿ ವಾಪಸು ಬಂದು ಕೂತರು.

ಸೂರ್ಯ ಇಳಿದ ಹೊತ್ತಿಗೆ ಹೊಂಬಾಳಮ್ಮ ಪೆಟ್ಟಿಗೆಯೊಳಗೆ ನೀರು ಚಿಮುಕಿಸಿದಳು. ಬೆಚ್ಚಗೆ ಮಾಡಿದ ಇಲಿಮರಿಯನ್ನು ಹಾವಿಗೆ ಒಂದು ಗೇಣು ದೂರ, ಕಡ್ಡಿಯ ಕವಲಿನಲ್ಲಿ ಇಟ್ಟಳು. ಬಾಯಿಯ ಮುಂದೆ ಆಡಿಸಲಿಲ್ಲ. ಪೆಟ್ಟಿಗೆಗೆ ತೆಳ್ಳನೆಯ ಬಟ್ಟೆ ಹೊದೆಸಿದಳು. ಬಾಗಿಲು ಎಳೆದುಕೊಂಡು ಬಂದಳು.

ಸ್ವಾಮಿ ಜಗಲಿಯಲ್ಲಿ ಕೂತಿದ್ದರು.

“ಬುದ್ಧೀ, ನಾಳೆ ಡಾಕ್ಟ್ರು ಬರೋವರೆಗೂ ಆ ಬಾಗಿಲು ತೆಗೆಯಲ್ಲ ಅಂತ ನಿಮ್ಮ ಮುಂದೆ ಹೇಳ್ತಿದ್ದೀನಿ. ಹೇಳದಿದ್ರೆ ತೆಗೆದುಬಿಡ್ತೀನಿ.”

“ಆಗಲಿ. ಯಾರೂ ತೆಗೆಯೋದು ಬೇಡ,” ಅಂದರು ಸ್ವಾಮಿ.

ಭಾನುವಾರ ಬೆಳಿಗ್ಗೆ ಹೊಂಬಾಳಮ್ಮ ಆಶ್ರಮದ ಪಾತ್ರೆಗಳನ್ನೆಲ್ಲ ಹೊಳೆಗೆ ಹೊತ್ತುತಂದು ಬೆಳಗತೊಡಗಿದಳು. ತೊಳೆದಿದ್ದನ್ನೇ ಇನ್ನೊಮ್ಮೆ ತೊಳೆದಳು. ಹಾವಿನ ಕೋಣೆ ಅವಳ ಬೆನ್ನ ಹಿಂದೆ ಇತ್ತು. ಒಂದು ಸಲವೂ ತಿರುಗಲಿಲ್ಲ ಅಂದರೆ ಸುಳ್ಳು. ಎರಡು ಸಲ ತಿರುಗಿದಳು. ಏಳಲಿಲ್ಲ.

ಮೂರನೇ ಸಲ ತಿರುಗಬೇಕು ಅನ್ನಿಸುವ ಹೊತ್ತಿಗೆ ಯಾಕೋ ಮನಸ್ಸು ಹಗುರಾಗಿತ್ತು. ನೀರು ತಣ್ಣಗಿತ್ತು. ಮೀನಿನ ಮರಿಗಳು ಬಂದು ಪಾತ್ರೆಯ ಅನ್ನದ ಅಗುಳಿಗೆ ಮುತ್ತಿಕೊಂಡಿದ್ದವು. ಅಲ್ಲಿ ಕಡ್ಡಿಯಿದೆ, ಬಿಸಿಯಿದೆ, ತಣ್ಣನೆಯದಿದೆ, ನೀರಿದೆ, ಊಟವಿದೆ. ತನ್ನ ಕೈಯಲ್ಲಾಗುವುದು ಮುಗಿದಿದೆ. ಇನ್ನು ಅದರ ಪಾಡು ಅದಕ್ಕೆ. ಹಾಗಂದುಕೊಂಡಾಗ ಅವಳಿಗೆ ದುಃಖವಾಗಲಿಲ್ಲ, ಸಮಾಧಾನವಾಯಿತು. ಅದೇ ಅವಳಿಗೆ ಆಶ್ಚರ್ಯ.

ಸ್ವಾಮಿ ಇಳಿದು ಬಂದರು. ಒಂದು ಕಲ್ಲಿನ ಮೇಲೆ ಕೂತರು. ಎದ್ದರು. ಇನ್ನೊಂದು ಕಲ್ಲಿನ ಮೇಲೆ ಕೂತರು.

“ಡಾಕ್ಟ್ರು ಬರೋಕೆ ಇನ್ನೂ ಎಷ್ಟು ಹೊತ್ತಮ್ಮ?”

“ಈಗಿನ್ನೂ ಎಂಟು ಗಂಟೆ, ಬುದ್ಧಿ. ಎರಡು ತಾಸಿದೆ.”

“ನೋಡಬೇಕು ಅನ್ನಿಸ್ತಿಲ್ವಾ?”

“ಅನ್ನಿಸ್ತಿದೆ.”

“ಮತ್ತೆ?”

“ಅನ್ನಿಸಲಿ ಬಿಡಿ. ಪಾತ್ರೆ ಇನ್ನೂ ಇವೆಯಲ್ಲ.”

ಸ್ವಾಮಿ ಒಂದು ಪಾತ್ರೆ ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡರು. ಹೊಂಬಾಳಮ್ಮ ತಲೆಯೆತ್ತಿ ನೋಡಿದಾಗ ಆ ಮುದಿ ಮುಖದಲ್ಲಿ ಅವಳು ಯಾವತ್ತೂ ಕಾಣದ ಒಂದು ನಾಚಿಕೆ ಇತ್ತು.

“ಏನಾಯ್ತು, ಬುದ್ಧಿ?”

“ನನ್ನ ಕೈಲಿ ತಡೆಯೋಕಾಗಲಿಲ್ಲ ಕಣಮ್ಮ, ಬೆಳಕು ಹರೀತಿದ್ದ ಹಾಗೇ ಹೋಗಿ ಬಟ್ಟೆ ಸರಿಸಿ ನೋಡಿಬಂದೆ. ತಿಂದು ಮಲಗಿದೆ. ಇನ್ನು ಮೇಲೆ ನಾನು ಆ ಬಾಗಿಲ ಹತ್ತಿರ ಸುಳಿದರೆ ನೀನು ನನ್ನ ಗದರಿಸಬೇಕು.”